ಮುಡಿಯಿಂದ ಭರಣಿಗೆ: ಬೆಳ್ಳಾರೆ ಸೀಮೆಯಲ್ಲಿ ಮೊಳಕೆಯ ಚರಿತ್ರೆ

ಇಡೀ ಕಾಳನ್ನು ನೀರಿನಲ್ಲಿ ನೆನೆಸಿ, ನೀರು ಬಸಿದು, ತೇವ ಆರದಂತೆ ಮುಚ್ಚಿಟ್ಟು, ಅದರ ಬೇರಿನ ತುದಿ ಸಿಪ್ಪೆಯನ್ನು ಸೀಳಿ ಹೊರಗೆ ಬಂದ ಮೇಲೆ ಆಹಾರವಾಗಿ ಬಳಸುವ ಕ್ರಮಕ್ಕೆ ಕನ್ನಡದಲ್ಲಿ ಮೊಳಕೆ ಬರಿಸುವುದು ಎನ್ನುತ್ತಾರೆ; ದಕ್ಷಿಣ ಕನ್ನಡದ ತುಳು ಮತ್ತು ಹವ್ಯಕ ಮನೆಮಾತುಗಳಲ್ಲಿ ಇದೇ ಕೆಲಸಕ್ಕೆ ಮುಂಗೆ ಬರಿಸುವುದು ಎಂಬ ಮಾತಿದೆ. ಇಂದು ಬೆಳ್ಳಾರೆಯಲ್ಲಾಗಲಿ, ಅದರ ಸುತ್ತಲಿನ ಸುಳ್ಯ, ಪುತ್ತೂರು, ಕಡಬ ತಾಲೂಕುಗಳಲ್ಲಾಗಲಿ, ಅಡುಗೆಮನೆಯ ಕಿಟಕಿಯ ಬದಿಯಲ್ಲಿ ಅಗಲ ಬಾಯಿಯ ಗಾಜಿನ ಭರಣಿಗೆ ತೆಳುಬಟ್ಟೆ ಕಟ್ಟಿ ಮೊಳಕೆ ಬೆಳೆಸುವುದನ್ನು ನೋಡಿದವರಿಗೆ, ಇದು ಆರೋಗ್ಯದ ಹೊಸ ತಿಳಿವಳಿಕೆಯೊಂದಿಗೆ ಪೇಟೆಯಿಂದ ಹಳ್ಳಿಗೆ ಬಂದ ಪದ್ಧತಿ ಎಂದು ತೋರುವುದು ಸಹಜವೇ. ಭರಣಿಯ ಮಟ್ಟಿಗೆ ಆ ಮಾತು ಸರಿ, ಆದರೆ ಮೊಳಕೆಯ ಮಟ್ಟಿಗೆ ಸರಿಯಲ್ಲ. ಬೀಜವನ್ನು ಎಷ್ಟು ಹೊತ್ತು ನೆನೆಸಬೇಕು, ಎಷ್ಟು ನೀರು ಬಸಿಯಬೇಕು, ಎಷ್ಟು ಬೆಚ್ಚಗೆ ಮುಚ್ಚಿಡಬೇಕು ಎಂಬ ಅರಿವು ಈ ಸೀಮೆಯಲ್ಲಿ ಮೊದಲು ನೆಲೆಗೊಂಡದ್ದು ಬತ್ತದ ಗದ್ದೆಯ ಅಂಚಿನಲ್ಲಿ. ಅಡುಗೆಮನೆಯ ಮೊಳಕೆ ಆ ಅರಿವಿನ ಕಿರಿಯ ಕವಲು ಎಂದು ತಿಳಿದರೆ ಮಾತ್ರ ಅದರ ಚರಿತ್ರೆ ಸರಿಯಾಗಿ ಅರ್ಥವಾಗುತ್ತದೆ.

ಪಶ್ಚಿಮ ಘಟ್ಟದ ಬುಡದಲ್ಲಿರುವ ಈ ಪ್ರದೇಶದಲ್ಲಿ ವರ್ಷಕ್ಕೆ 3500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನ ನಡುವೆಯೇ ಸುರಿದು ಮುಗಿಯುತ್ತದೆ. ಗುಡ್ಡ ಮತ್ತು ಕಣಿವೆಗಳ ಈ ನೆಲದಲ್ಲಿ ಗದ್ದೆಗಳನ್ನು ಅವು ಇರುವ ಎತ್ತರಕ್ಕೂ ನೀರಿನ ಆಸರೆಗೂ ತಕ್ಕಂತೆ ಮೂರು ಬಗೆಯಾಗಿ ಗುರುತಿಸುತ್ತಿದ್ದರು: ಕಣಿವೆಯ ತಳದಲ್ಲಿ ನೀರು ನಿಲ್ಲುವ ಬೈಲು, ಅದಕ್ಕಿಂತ ಮೇಲಿನ ಮಜಲು, ಮಳೆಯನ್ನಷ್ಟೇ ನಂಬಿದ ಬೆಟ್ಟು. ಬೆಳೆಗಳಿಗೂ ಮೂರು ಹೆಸರುಗಳಿದ್ದವು. ಮಳೆಗಾಲದ ಬೆಳೆ ಏಣೇಲು, ಅದರ ಬೆನ್ನಿಗೆ ಬರುವುದು ಸುಗ್ಗಿ, ಬೇಸಗೆಯಲ್ಲಿ ನೀರಿರುವ ಬೈಲಿನಲ್ಲಷ್ಟೇ ಸಾಧ್ಯವಾಗುವುದು ಕೊಳಕೆ. ಬತ್ತದ ಎರಡನೆಯ ಅಥವಾ ಮೂರನೆಯ ಬೆಳೆಗೆ ನೀರು ಸಾಲದ ಗದ್ದೆಗಳನ್ನು ಬರಿದಾಗಿ ಬಿಡದೆ, ಕೊಯ್ಲಿನ ಬಳಿಕ ಮಣ್ಣಿನಲ್ಲಿ ಉಳಿದ ತೇವವನ್ನೇ ನೆಚ್ಚಿ ಹೆಸರು, ಉದ್ದು, ಹುರುಳಿ, ಅಲಸಂಡೆಗಳನ್ನು ಬಿತ್ತುವುದು ರೂಢಿಯಾಗಿತ್ತು. ತುಳುವಿನಲ್ಲಿ ಹೆಸರುಕಾಳಿಗೆ ಪದೆಂಗಿ ಎಂದೂ ಹುರುಳಿಗೆ ಕುಡು ಎಂದೂ ಹೆಸರು. ಅಡುಗೆಮನೆಯಲ್ಲಿ ಮುಂಗೆಗೆ ಒದಗುತ್ತಿದ್ದ ಕಾಳು ಹೀಗೆ ಬತ್ತದ ಗದ್ದೆಯಿಂದಲೇ, ಬತ್ತದ ಬೆನ್ನು ಹಿಡಿದೇ ಮನೆಗೆ ಬರುತ್ತಿತ್ತು.

ಧಾನ್ಯವೇ ಈ ಸೀಮೆಯ ಬಾಳಿನ ಅಳತೆಗೋಲಾಗಿತ್ತು ಎಂಬುದಕ್ಕೆ ಬೆಳ್ಳಾರೆಯ ರಾಜಕೀಯ ಚರಿತ್ರೆಯೇ ಸಾಕ್ಷಿ. ಹಾಲೇರಿ ವಂಶದ ಕೊಡಗಿನ ಅರಸರ ಆಳ್ವಿಕೆಯಲ್ಲಿದ್ದ ಅಮರ ಸುಳ್ಯ ಮತ್ತು ಪುತ್ತೂರು ಸೀಮೆಗಳನ್ನು, 1834ರಲ್ಲಿ ಕೊಡಗು ಬ್ರಿಟಿಷರ ವಶವಾದಾಗ, ಕೆನರಾ ಜಿಲ್ಲೆಗೆ ಸೇರಿಸಲಾಯಿತು. ಅಲ್ಲಿಯವರೆಗೆ ಬೆಳೆಯ ರೂಪದಲ್ಲಿ ಸಲ್ಲಿಸುತ್ತಿದ್ದ ಕಂದಾಯವನ್ನು ಮುಂದೆ ನಗದಿನಲ್ಲೇ ಕೊಡಬೇಕೆಂಬ ಹೊಸ ಕಟ್ಟಳೆ ಬಂದಾಗ, ನಾಣ್ಯ ಕಾಣುವುದೇ ಅಪರೂಪವಾಗಿದ್ದ ರೈತಾಪಿ ಜನರಿಗೆ ಅದು ಹೊರಲಾಗದ ಹೊರೆಯಾಯಿತು. 1837ರ ಅಮರ ಸುಳ್ಯ ದಂಗೆಗೆ ಇದ್ದ ಕಾರಣಗಳಲ್ಲಿ ಇದೂ ಮುಖ್ಯವಾದುದು. ಕೆದಂಬಾಡಿ ರಾಮಯ್ಯ ಗೌಡರ ಮುಂದಾಳುತನದಲ್ಲಿ ದಂಗೆಗಾರರು 1837ರ ಮಾರ್ಚ್ 30ರಂದು ಬೆಳ್ಳಾರೆಯ ಖಜಾನೆಯನ್ನು ವಶಪಡಿಸಿಕೊಂಡು, ಏಪ್ರಿಲ್ 5ರಂದು ಮಂಗಳೂರನ್ನು ಹಿಡಿದು, ಬಾವುಟಗುಡ್ಡೆಯಲ್ಲಿ ತಮ್ಮ ಧ್ವಜವನ್ನು ಏರಿಸಿದರು. ಕೃಷಿಯ ಚರಿತ್ರೆಯನ್ನು ಓದುವವರು ಈ ಘಟನೆಯನ್ನು ಯುದ್ಧದ ಕಥೆಯಾಗಿ ಮಾತ್ರ ನೋಡಬಾರದು. ಬತ್ತವೇ ಹಣವಾಗಿದ್ದ ಊರಿನಲ್ಲಿ ಬತ್ತ ಹಣವಲ್ಲವೆಂದು ಹೇಳಿದಾಗ ಎದ್ದ ಕೋಪವೂ ಅದರಲ್ಲಿದೆ.

ಆ ಬತ್ತವನ್ನೂ ಅಕ್ಕಿಯನ್ನೂ ತುಂಬಿಡುತ್ತಿದ್ದುದು ಮುಡಿಯಲ್ಲಿ. ಬೈಹುಲ್ಲನ್ನು, ಅಂದರೆ ಒಣಗಿದ ಬತ್ತದ ಹುಲ್ಲನ್ನು, ವೃತ್ತಾಕಾರವಾಗಿ ಹರಡಿ, ನಡುವೆ ಧಾನ್ಯ ಸುರಿದು, ಹುಲ್ಲನ್ನು ಮೇಲಕ್ಕೆಳೆದು, ಹುಲ್ಲಿನ ಹಗ್ಗದಿಂದಲೇ ಸುತ್ತಿ ಬಿಗಿದು, ಮರದ ಕೊಡತಿಯಿಂದ ಬಡಿದು ಗುಂಡಾಗಿಸಿದ ಕಟ್ಟೇ ಮುಡಿ. ಅದು ಸಂಗ್ರಹದ ಸಾಧನವೂ ಹೌದು, ಅಳತೆಯ ಮಾನವೂ ಹೌದು: 14 ಸೇರಿಗೆ ಒಂದು ಕಳಸೆ, 3 ಕಳಸೆಗೆ ಒಂದು ಮುಡಿ ಎಂಬ ಲೆಕ್ಕ ಬಳಕೆಯಲ್ಲಿತ್ತು. ಒಕ್ಕಲುಗಳು ಭೂಮಾಲೀಕರಿಗೆ ಸಲ್ಲಿಸುವ ಗೇಣಿಯನ್ನು ಮುಡಿಯಲ್ಲೇ ಹೇಳುತ್ತಿದ್ದರು. ಗದ್ದೆಯ ವಿಸ್ತಾರವನ್ನೂ ಅಲ್ಲಿ ಎಷ್ಟು ಮುಡಿ ಬಿತ್ತನೆ ಹಿಡಿಯುತ್ತದೆ ಎಂಬುದರಿಂದಲೇ ಸೂಚಿಸುತ್ತಿದ್ದರು. ನೆಲವನ್ನು ಬೀಜದಿಂದ ಅಳೆಯುವ ಊರಿನಲ್ಲಿ ಬೀಜ ಸರಿಯಾಗಿ ಮೊಳೆಯುತ್ತದೆಯೇ ಇಲ್ಲವೇ ಎಂಬ ಪ್ರಶ್ನೆ ಎಷ್ಟು ದೊಡ್ಡದಾಗಿದ್ದಿರಬೇಕೆಂದು ವಿವರಿಸಬೇಕಾಗಿಲ್ಲ.

ಬತ್ತದ ಬೀಜವನ್ನು ಒಣಗಿದಂತೆಯೇ ಬಿತ್ತುವುದೂ ಉಂಟು, ಮೊಳಕೆ ಬರಿಸಿ ಬಿತ್ತುವುದೂ ಉಂಟು. ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ 1800 ಮತ್ತು 1801ರಲ್ಲಿ ಮೈಸೂರು, ಕೆನರಾ, ಮಲಬಾರುಗಳಲ್ಲಿ ಸಂಚರಿಸಿದ ವೈದ್ಯ ಫ್ರಾನ್ಸಿಸ್ ಬುಕಾನನ್, 1807ರಲ್ಲಿ ಪ್ರಕಟವಾದ ತನ್ನ ಪ್ರವಾಸ ಗ್ರಂಥದಲ್ಲಿ ಶ್ರೀರಂಗಪಟ್ಟಣದ ಸುತ್ತಲಿನ ಬೇಸಾಯವನ್ನು ವರ್ಣಿಸುವಾಗ ಬರಬತ್ತ, ಮೊಳೆಬತ್ತ, ನಾಟಿ ಎಂಬ ಮೂರು ಕ್ರಮಗಳನ್ನು ಕನ್ನಡದ ಹೆಸರುಗಳಲ್ಲಿಯೇ ದಾಖಲಿಸಿದ್ದಾನೆ. ಬರಬತ್ತವೆಂದರೆ ಒಣಬೀಜದ ಬಿತ್ತನೆ. ಮೊಳೆಬತ್ತವೆಂದರೆ ಮೊಳಕೆಯೊಡೆದ ಬೀಜವನ್ನು ಕೆಸರುಗದ್ದೆಗೆ ಎರಚುವುದು. ನಾಟಿಯೆಂದರೆ ಸಸಿಯನ್ನು ಕಿತ್ತು ನೆಡುವುದು. ಮೊಳೆತ ಬೀಜ ಒಂದು ಪ್ರತ್ಯೇಕ ಬೇಸಾಯ ಪದ್ಧತಿಗೇ ಹೆಸರು ಕೊಟ್ಟಿತ್ತು ಎಂಬ ಸಂಗತಿ ಇಲ್ಲಿ ಗಮನಾರ್ಹ. ತುಳುನಾಡಿನ ಮಟ್ಟಿಗೆ ಮಳೆಗಾಲದಲ್ಲಿ ನಾಟಿಯೇ ಪ್ರಧಾನವಾಗಿತ್ತು, ನಾಟಿಯ ಸಸಿಗೆ ನೇಜಿ ಎಂಬ ಹೆಸರಿತ್ತು, ಮತ್ತು ಆ ನೇಜಿಯ ಮಡಿಗೆ ಬೀಳುತ್ತಿದ್ದುದು ಸಾಮಾನ್ಯವಾಗಿ ಮೊಳಕೆ ಬರಿಸಿದ ಬೀಜವೇ.

ಅದರ ಕ್ರಮ ಹೀಗಿತ್ತು. ಬಿತ್ತನೆಗೆಂದು ತೆಗೆದಿಟ್ಟ ಬತ್ತವನ್ನು ಕೆರೆಯಲ್ಲೋ ಕಡಾಯಿಯಲ್ಲೋ ನೀರಿಗೆ ಹಾಕಿ ಒಂದು ದಿನದಷ್ಟು ನೆನೆಸುತ್ತಿದ್ದರು. ಜೊಳ್ಳು ತೇಲಿದರೆ ತೆಗೆದು ಬಿಸಾಡುತ್ತಿದ್ದರು. ನೀರೆಲ್ಲ ಸೋರಿದ ಮೇಲೆ ಬುಟ್ಟಿಯಲ್ಲಿಯೋ ಗೋಣಿಯಲ್ಲಿಯೋ ತುಂಬಿ, ಬೈಹುಲ್ಲು ಅಥವಾ ಸೊಪ್ಪು ಮುಚ್ಚಿ, ಮೇಲೆ ಭಾರ ಹೇರಿ, ಆಗಾಗ ನೀರು ಚಿಮುಕಿಸಿ ಬೆಚ್ಚಗಿಡುತ್ತಿದ್ದರು. ಎರಡು ಮೂರು ದಿನಗಳಲ್ಲಿ ಬಿಳಿಯ ಮೊನೆ ಕಾಣಿಸಿಕೊಳ್ಳುತ್ತಿತ್ತು. ರಾಶಿಯೊಳಗೆ ಕೈ ಹಾಕಿದರೆ ತಾಗುವ ಬಿಸಿ ಬೀಜದ್ದೇ ಬಿಸಿ; ನೀರನ್ನು ಹೀರಿದ ಬೀಜದಲ್ಲಿ ಉಸಿರಾಟ ಚುರುಕಾಗಿ, ಅಮೈಲೇಸ್ ಎಂಬ ಕಿಣ್ವ ಹುಟ್ಟಿ, ಕೂಡಿಟ್ಟ ಪಿಷ್ಟ ಸಕ್ಕರೆಯಾಗಿ ಒಡೆದು, ಆ ಸಕ್ಕರೆ ಉಸಿರಾಟದಲ್ಲಿ ಉರಿಯುವಾಗ ಶಾಖ ಹೊರಬೀಳುತ್ತದೆ. ರಾಶಿಯ ನಡುವೆ ಬಿಸಿ ಮಿತಿಮೀರಿದರೆ ಬೀಜ ಬೇಯುತ್ತದೆ, ಗಾಳಿಯಾಡದಿದ್ದರೆ ಹುಳಿಯುತ್ತದೆ, ತೇವ ಆರಿದರೆ ಮೊಳಕೆ ಸಾಯುತ್ತದೆ. ಮೊಳಕೆ ಉದ್ದವಾದರೆ ಎರಚುವಾಗ ಮುರಿದು ಬೀಳುವುದರಿಂದ ಅದು ಮೊನೆಯಷ್ಟೇ ಇರುವಾಗ ಮಡಿಗೆ ಒಯ್ಯಬೇಕಾಗಿತ್ತು. ಗಾಜಿನ ಭರಣಿಯಲ್ಲಿ ಹೆಸರು ಬೆಳೆಸುವವರು ಇಂದು ಪಾಲಿಸುವ ಎಚ್ಚರಗಳಲ್ಲಿ ಇವುಗಳಲ್ಲಿ ಇಲ್ಲದ್ದು ಒಂದೂ ಇಲ್ಲ.

ಇದೇ ಮೊಳಕೆಗೆ ರೈತರು ಹೆದರುತ್ತಿದ್ದ ಸಂದರ್ಭವೂ ಒಂದಿತ್ತು. ಏಣೇಲು ಬೆಳೆ ಕೊಯ್ಲಿಗೆ ಬರುವ ಹೊತ್ತಿಗೆ ಮಳೆ ಹಿಂದೆ ಸರಿಯದೆ ಪೈರು ಮಲಗಿದರೆ, ನೀರು ತಾಗಿದ ತೆನೆಯಲ್ಲೇ ಬತ್ತ ಮೊಳೆತು ವರ್ಷದ ಅನ್ನ ಕೈತಪ್ಪುತ್ತಿತ್ತು. ಬೇಕಾದಾಗ ಬರಿಸುವುದೂ ಬೇಡವಾದಾಗ ತಡೆಯುವುದೂ ಒಂದೇ ವಿದ್ಯೆಯ ಎರಡು ಮುಖಗಳು. ಕೊಯ್ದ ಬತ್ತವನ್ನು ಬೇಯಿಸಿ ಒಣಗಿಸಿ ಕುಚ್ಚಲಕ್ಕಿ ಮಾಡುವ ಕರಾವಳಿಯ ಕ್ರಮದಲ್ಲಿಯೂ, ಬೇಯಿಸಿದ ಬೀಜ ಮತ್ತೆಂದೂ ಮೊಳೆಯುವುದಿಲ್ಲವಾದ್ದರಿಂದ, ಆ ಎರಡನೆಯ ಮುಖ ಅಡಗಿದೆ ಎನ್ನಬಹುದು.

ಅಡುಗೆಮನೆಗೆ ಬಂದರೆ ಮಾನ ಮುಡಿಯಿಂದ ಪಾವಿಗೆ ಇಳಿಯುತ್ತದೆ. ರಾತ್ರಿ ನೆನೆಹಾಕಿದ ಪಾವು ಹೆಸರನ್ನು ಬೆಳಿಗ್ಗೆ ಬಸಿದು, ಒದ್ದೆ ಬೈರಾಸಿನಲ್ಲಿ, ಎಂದರೆ ಮೈ ಒರೆಸಲು ಬಳಸುವಂಥ ತೆಳುವಾದ ಹತ್ತಿಯ ಬಟ್ಟೆಯಲ್ಲಿ, ಗಂಟು ಕಟ್ಟಿ, ಪಾತ್ರೆಯೊಳಗಿಟ್ಟು ಮುಚ್ಚುವುದು ಅಲ್ಲಿನ ಹಳೆಯ ಕ್ರಮ. ಬೇಸಗೆಯಲ್ಲಿ ಮರುದಿನವೇ ಮುಂಗೆ ಬರುತ್ತದೆ. ಮಳೆಗಾಲದ ಥಂಡಿಯಲ್ಲಿ ಅದು ತಡವಾಗುವುದರಿಂದ ಗಂಟನ್ನು ಒಲೆಯ ಬದಿಯ ಬೆಚ್ಚಗಿನ ಜಾಗಕ್ಕೆ ಸರಿಸುತ್ತಾರೆ. ಹುರುಳಿಗೆ ಹೆಸರಿಗಿಂತ ಹೆಚ್ಚು ಸಮಯ ಹಿಡಿಯುತ್ತದೆ, ನೆನೆದ ಮೇಲೂ ಕಲ್ಲಿನಂತೆ ಉಳಿಯುವ ಕಾಳುಗಳನ್ನು ಹೆಕ್ಕಿ ತೆಗೆಯಬೇಕಾಗುತ್ತದೆ. ಮೊಳಕೆಗೆ ಒದಗುವುದು ಇಡೀ ಕಾಳು ಮಾತ್ರ, ಬೇಳೆ ಅಲ್ಲ ಎಂಬುದೂ ಇಲ್ಲಿ ಹೇಳಬೇಕಾದ ಮಾತು: ಕಾಳನ್ನು ಒಡೆದು ಬೇಳೆ ಮಾಡುವಾಗ ಮೊಳೆಯುವ ಭ್ರೂಣವೇ ಮುರಿದುಹೋಗುತ್ತದೆ. ಆದ್ದರಿಂದಲೇ ನೆನೆಸಿದ ಹೆಸರುಬೇಳೆಯ ಕೋಸಂಬರಿಯನ್ನೂ ಮೊಳಕೆಕಾಳಿನ ಅಡುಗೆಯನ್ನೂ ಒಂದೇ ಎಂದು ಎಣಿಸುವುದು ತಪ್ಪು. ಮೊಳಕೆಯ ಕೋಸಂಬರಿ ಹೊಸ ಕಾಲದ್ದು; ಹಳೆಯ ಅಡುಗೆಯಲ್ಲಿ ಮುಂಗೆ ಬಹುಮಟ್ಟಿಗೆ ಬೆಂದೇ ಬಾಳೆಲೆಗೆ ಬರುತ್ತಿತ್ತು.

ಆಟಿ ತಿಂಗಳಲ್ಲಿ, ಅಂದರೆ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಭೀಕರ ಮಳೆಯ ದಿನಗಳಲ್ಲಿ, ಈ ಅಡುಗೆಯ ಬೆಲೆ ಏನೆಂಬುದು ತಿಳಿಯುತ್ತಿತ್ತು. ತರಕಾರಿಯ ಹಿತ್ತಿಲು ಕೊಳೆತು, ಹೊಳೆ ತುಂಬಿ ದಾರಿ ಕಡಿದು, ಪೇಟೆ ದೂರವಾಗುತ್ತಿದ್ದ ಆ ತಿಂಗಳಿಗೆಂದು ಮನೆಗಳಲ್ಲಿ ಬೇಸಗೆಯಲ್ಲೇ ಸಂಗ್ರಹ ನಡೆದಿರುತ್ತಿತ್ತು. ಹಲಸಿನ ಸೊಳೆಯನ್ನು ಉಪ್ಪಿನಲ್ಲಿ ಹಾಕಿಡುತ್ತಿದ್ದರು, ಮಾವಿನ ರಸವನ್ನು ಮಾಂಬಳವಾಗಿ ಒಣಗಿಸುತ್ತಿದ್ದರು, ಹಲಸಿನ ಬೀಜವನ್ನು ಮಣ್ಣು ಸವರಿ ಕಾಪಿಡುತ್ತಿದ್ದರು, ಬಣ್ಣದ ಸೌತೆಯನ್ನು ಬಾಳೆನಾರಿನಲ್ಲಿ ಕಟ್ಟಿ ಮಾಡಿನಡಿಗೆ ತೂಗುಹಾಕುತ್ತಿದ್ದರು. ಹೊರಗಿನಿಂದ ಹಸಿಯಾಗಿ ಬರುತ್ತಿದ್ದುದು ಕೆಸು, ತಜಂಕ್ ಎನ್ನುವ ಚಗಟೆ ಸೊಪ್ಪು ಮತ್ತು ಕಣಿಲೆ ಎಂಬ ಎಳೆಬಿದಿರು. ಮನೆಯೊಳಗೇ ಹೊಸದಾಗಿ ಹುಟ್ಟುತ್ತಿದ್ದ ತರಕಾರಿ ಮುಂಗೆ ಒಂದೇ. ಕಣಿಲೆಯನ್ನು ಸಣ್ಣಗೆ ಕೊಚ್ಚಿ, ಎರಡು ಮೂರು ದಿನ ನೀರು ಬದಲಿಸಿ ಅದರ ಕಹಿಯನ್ನೂ ವಿಷಾಂಶವನ್ನೂ ಕಳೆದು, ಮುಂಗೆ ಬಂದ ಹೆಸರಿನೊಂದಿಗೆ ಬೇಯಿಸಿ, ತೆಂಗಿನಕಾಯಿಯ ಮಸಾಲೆ ಅರೆದು ಹಾಕಿ ಗಸಿ ಮಾಡುವುದು ಈ ಸೀಮೆಯ ಮಳೆಗಾಲದ ಶ್ರೇಷ್ಠ ಅಡುಗೆಗಳಲ್ಲಿ ಒಂದು. ಬಿದಿರಿನ ಮೊಳಕೆಯೂ ಕಾಳಿನ ಮೊಳಕೆಯೂ ಒಂದೇ ಪಾತ್ರೆಯಲ್ಲಿ ಕೂಡುವ ಈ ಜೋಡಣೆಯನ್ನು ಕಂಡುಕೊಂಡವರ ನಾಲಗೆಯ ಸೂಕ್ಷ್ಮತೆಯನ್ನು ಮೆಚ್ಚದೆ ಇರಲಾಗದು.

ಇಲ್ಲಿನ ಸಮುದಾಯಗಳು ಹಲವು, ಮನೆಮಾತುಗಳೂ ಹಲವು: ಅರೆಭಾಷೆ, ತುಳು, ಹವ್ಯಕ ಕನ್ನಡ, ಬ್ಯಾರಿ, ಮಲಯಾಳ, ಕೊಂಕಣಿ, ಕರಾಡ ಮತ್ತು ಚಿತ್ಪಾವನರ ಮರಾಠಿ. ಗೌಡ ಸಾರಸ್ವತರ ಮೂಗಾ ಗಾಠಿಯಲ್ಲಿ ಮೊಳೆತ ಹೆಸರಿನ ಹಸಿರು ಸಿಪ್ಪೆಯನ್ನು ನೀರಿನಲ್ಲಿ ತೇಲಿಸಿ ತೆಗೆದು ಬೆಳ್ಳಗಿನ ಕಾಳನ್ನು ಮಾತ್ರ ಬೇಯಿಸುತ್ತಾರೆ. ಹವ್ಯಕರ ಮನೆಗಳಲ್ಲಿ ಮುಂಗೆಯ ಹೆಸರು ತಾಳಿಗೂ, ಎಂದರೆ ಪಲ್ಯಕ್ಕೂ, ಬೆಂದಿಗೂ, ಎಂದರೆ ಹುಳಿಗೂ, ಒದಗುತ್ತದೆ. ಘಟ್ಟದ ಮೇಲೆ ಹಳೆಯ ಮೈಸೂರಿನಲ್ಲಿ ಮೊಳೆತ ಹುರುಳಿಯ ಸಾರು ಮುದ್ದೆಯ ಜೊತೆಗಾರ, ಉತ್ತರ ಕರ್ನಾಟಕದಲ್ಲಿ ಮಡಕಿ ಕಾಳಿನ ಮೊಳಕೆ ರೊಟ್ಟಿಯ ಜೊತೆಗಾರ. ರಾಗಿಯನ್ನು ಮೊಳಕೆ ಬರಿಸಿ, ಒಣಗಿಸಿ, ಬೀಸಿ ಮಕ್ಕಳಿಗೆ ಉಣಿಸುವ ಕ್ರಮವೂ ಕನ್ನಡ ನಾಡಿನ ಉದ್ದಗಲಕ್ಕೆ ಇದೆ. ಮೈಸೂರಿನಲ್ಲಿ 1950ರಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ವಿಜ್ಞಾನಿಗಳು, ಮೊಳೆತ ರಾಗಿಯ ಕಿಣ್ವಗಳು ಗಂಜಿಯ ದಪ್ಪವನ್ನು ಕರಗಿಸಿ, ಮಗುವಿನ ಪುಟ್ಟ ಹೊಟ್ಟೆಗೆ ಹೆಚ್ಚು ಆಹಾರ ಸೇರುವಂತೆ ಮಾಡುವ ಬಗೆಯನ್ನು ಅಧ್ಯಯನ ಮಾಡಿದ್ದಾರೆ.

ಗದ್ದೆಗೂ ಅಡುಗೆಗೂ ಹೊರತಾದ ಮೂರನೆಯ ನೆಲೆ ದೇವಾಲಯದ್ದು. ದೇವಸ್ಥಾನಗಳ ಬ್ರಹ್ಮಕಲಶೋತ್ಸವದಲ್ಲಿ, ಅಂದರೆ ಜೀರ್ಣೋದ್ಧಾರದ ಬಳಿಕ ದೇವರ ಸಾನ್ನಿಧ್ಯವನ್ನು ಮತ್ತೆ ತುಂಬುವ ದೊಡ್ಡ ವಿಧಿಯಲ್ಲಿ, ಮೊದಲ ದಿನಗಳಲ್ಲೇ ಅಂಕುರಾರೋಪಣ ನಡೆಯುತ್ತದೆ. ಪಾಲಿಕಾ, ಘಟಿಕಾ, ಶರಾವ ಎಂಬ ಮೂರು ಆಕಾರದ ಮಡಕೆಗಳಲ್ಲಿ ಮಣ್ಣು ತುಂಬಿ, ಹಾಲಿನಲ್ಲಿ ತೊಳೆದ ಧಾನ್ಯಗಳನ್ನು ಬಿತ್ತಿ, ಮುಚ್ಚಿದ ಕೋಣೆಯಲ್ಲಿಟ್ಟು, ದಿನವೂ ಅಂಕುರಪೂಜೆ ಸಲ್ಲಿಸುತ್ತಾರೆ. ಮೊಳಕೆ ನೆಟ್ಟಗೆ, ಸೊಂಪಾಗಿ ಬಂದರೆ ಶುಭವೆಂದೂ ಕಪ್ಪಾಗಿ, ಕುಗ್ಗಿ, ವಕ್ರವಾಗಿ ಬಂದರೆ ದೋಷಸೂಚಕವೆಂದೂ ಆಗಮಗಳು ಹೇಳುತ್ತವೆ. ದಕ್ಷಿಣ ತುಳುನಾಡಿನ ಮತ್ತು ಕಾಸರಗೋಡಿನ ತಂತ್ರಿಗಳು ಆಧರಿಸುವ ಗ್ರಂಥಗಳಲ್ಲಿ ಮುಖ್ಯವಾದ, 15ನೆಯ ಶತಮಾನದಲ್ಲಿ ಚೇನ್ನಾಸ್ ನಾರಾಯಣ ನಂಬೂದಿರಿ ರಚಿಸಿದ ತಂತ್ರಸಮುಚ್ಚಯದಲ್ಲಿ ಈ ವಿಧಿಯ ವಿವರಗಳಿವೆ. ಬಿತ್ತನೆಯ ಮುನ್ನ ಬೀಜದ ಶಕ್ತಿಯನ್ನು ಮಡಕೆಯಲ್ಲಿ ಪರೀಕ್ಷಿಸುವ ಕೃಷಿಕನ ಅಭ್ಯಾಸವೇ ಇಲ್ಲಿ ಶಾಸ್ತ್ರದ ರೂಪ ತಳೆದಿದೆ ಎಂದು ಊಹಿಸಲು ಅವಕಾಶವಿದೆ. ಈ ಮೊಳಕೆ ತಿನ್ನುವುದಕ್ಕಲ್ಲ. ವಿಧಿ ಮುಗಿದ ಬಳಿಕ ಅದನ್ನು ನೀರಿಗೆ ಬಿಡುತ್ತಾರೆ.

ಮೊಳಕೆಯನ್ನು ಎಲ್ಲ ಕಾಲದ ಎಲ್ಲ ವೈದ್ಯರೂ ಹೊಗಳಿದರೆಂದು ಇತ್ತೀಚಿನ ಆಹಾರ ಬರಹಗಳು ಸೂಚಿಸುವುದುಂಟು. ಪ್ರಾಚೀನ ಗ್ರಂಥಗಳು ಆ ಮಾತಿಗೆ ಒಪ್ಪುವುದಿಲ್ಲ. ಮೊಳೆತ ಧಾನ್ಯಕ್ಕೆ ಆಯುರ್ವೇದದಲ್ಲಿ ವಿರೂಢಕ ಎಂದು ಹೆಸರು. ಸುಶ್ರುತಸಂಹಿತೆಯ ಸೂತ್ರಸ್ಥಾನದಲ್ಲಿ ವಿರೂಢಕದಿಂದ ಮಾಡಿದ ಭಕ್ಷ್ಯಗಳನ್ನು ಜೀರ್ಣಕ್ಕೆ ಭಾರವಾದವು, ವಾತಪಿತ್ತಗಳನ್ನು ಕೆರಳಿಸುವಂಥವು, ಕಣ್ಣಿಗೆ ಒಳ್ಳೆಯದಲ್ಲದವು ಎಂದು ಎಣಿಸಲಾಗಿದೆ. ಕರಾವಳಿಯ ಅಡುಗೆ ಮುಂಗೆಯನ್ನು ಬೇಯಿಸಿ, ಇಂಗು, ಬೆಳ್ಳುಳ್ಳಿ, ಜೀರಿಗೆಗಳಲ್ಲಿ ಯಾವುದನ್ನಾದರೂ ಸೇರಿಸಿಯೇ ಬಡಿಸುವುದನ್ನು ಈ ಎಚ್ಚರದ ಜೊತೆಗಿಟ್ಟು ನೋಡಬೇಕು.

ಹಸಿ ಮೊಳಕೆಯ ಮೇಲಿನ ಗೌರವ ಬೇರೊಂದು ದಾರಿಯಿಂದ ಬಂತು, ಆ ದಾರಿಯ ಒಂದು ಮುಖ್ಯ ತಿರುವಿನಲ್ಲಿ ನಿಂತವರು ಭಾರತದ ಸಿಪಾಯಿಗಳು. ಒಣಕಾಳಿನಲ್ಲಿ ಇಲ್ಲವೆನ್ನುವಷ್ಟು ಕಡಿಮೆಯಿರುವ ಸಿ ಜೀವಸತ್ವ ಮೊಳಕೆ ಬರುತ್ತಿದ್ದಂತೆ ಹೊಸದಾಗಿ ಹುಟ್ಟುತ್ತದೆ. ಆ ಸತ್ವಕ್ಕೆ ಇನ್ನೂ ಹೆಸರೇ ಇಲ್ಲದಿದ್ದ 1912ರ ಹೊತ್ತಿಗೆ, ನಾರ್ವೆಯ ವಾಲೆಂಟಿನ್ ಫ್ಯೂರ್ಸ್ಟ್ ಮೊಳೆತ ಕಾಳು ಸ್ಕರ್ವಿಯನ್ನು ತಡೆಯುತ್ತದೆಂದು ಗಿನಿಯಿಲಿಗಳ ಮೇಲಿನ ಪ್ರಯೋಗದಿಂದ ತೋರಿಸಿದ್ದರು. ವಸಡು ಬಾತು ರಕ್ತ ಸೋರುವ, ಹಳೆಯ ಗಾಯಗಳೂ ಬಾಯ್ತೆರೆಯುವ ಈ ಕಾಯಿಲೆ ಮೊದಲನೆಯ ಮಹಾಯುದ್ಧದಲ್ಲಿ ಮೆಸೊಪೊಟೇಮಿಯಾದ, ಅಂದರೆ ಈಗಿನ ಇರಾಕಿನ, ರಣರಂಗದಲ್ಲಿದ್ದ ಸಾವಿರಾರು ಭಾರತೀಯ ಸೈನಿಕರನ್ನು ಹಿಡಿಯಿತು. ಹಸಿ ತರಕಾರಿಯಿಲ್ಲದ ಮರುಭೂಮಿಯಲ್ಲಿ ಅವರಿಗೆ ಸಿಗುತ್ತಿದ್ದುದು ಹಿಟ್ಟು ಮತ್ತು ಒ‌ಡೆದ ಬೇಳೆ. ಲಂಡನ್ನಿನ ಲಿಸ್ಟರ್ ಸಂಸ್ಥೆಯ ಹ್ಯಾರಿಯೆಟ್ ಚಿಕ್ ಮತ್ತು ಮಾರ್ಗರೆಟ್ ಹ್ಯೂಮ್, ಬೇಳೆಗೆ ಬದಲಾಗಿ ಇಡೀ ಕಾಳನ್ನು ಕಳಿಸಿ, ಬಿಡಾರದಲ್ಲೇ ನೆನೆಸಿ ಮೊಳಕೆ ಬರಿಸಿ, ಹೆಚ್ಚು ಬೇಯಿಸದೆ ಬಡಿಸಬೇಕೆಂದು ಸಲಹೆ ಕೊಟ್ಟರು. ಊರಿನ ಅಡುಗೆಮನೆಯ ಅಜ್ಜಿಯಂದಿರಿಗೆ ತಿಳಿದಿದ್ದ ಒಂದು ಕೆಲಸ ಲಂಡನ್ನಿನ ಪ್ರಯೋಗಾಲಯವನ್ನು ಸುತ್ತಿ ಸಿಪಾಯಿಗಳ ತಟ್ಟೆಗೆ ಹೋಗಬೇಕಾಯಿತು.

ಮುಂದಿನ ತಿರುವು ಗಾಂಧೀಜಿಯವರದು. 1929ರಲ್ಲಿ ಅವರು ಬೆಂಕಿ ಸೋಂಕದ ಆಹಾರದ ಪ್ರಯೋಗಕ್ಕಿಳಿದು, ಮೊಳೆತ ಗೋಧಿ ಮತ್ತು ಮೊಳೆತ ಕಡಲೆಯನ್ನು ಹಸಿಯಾಗಿ ತಿನ್ನತೊಡಗಿ, ಅದರ ವರದಿಯನ್ನು ಯಂಗ್ ಇಂಡಿಯಾ ಪತ್ರಿಕೆಯಲ್ಲಿ ಪ್ರಕಟಿಸಿದರು; ಕೆಲವೇ ತಿಂಗಳಲ್ಲಿ ಆಮಶಂಕೆಯಿಂದ ಬಳಲಿ ಅದನ್ನು ನಿಲ್ಲಿಸಿದುದನ್ನೂ ಮುಚ್ಚಿಡಲಿಲ್ಲ. 1934ರ ಫೆಬ್ರವರಿಯಲ್ಲಿ ಹರಿಜನ ಯಾತ್ರೆಯ ಅಂಗವಾಗಿ ಅವರು ಕೊಡಗಿನಿಂದ ಘಟ್ಟ ಇಳಿದು ಸುಳ್ಯ, ಪುತ್ತೂರುಗಳ ಮೂಲಕವೇ ಮಂಗಳೂರಿಗೆ ಹೋದರು. ಅವರ ಪ್ರಭಾವದಿಂದ ಬೆಳೆದ ಪ್ರಕೃತಿ ಚಿಕಿತ್ಸೆಯ ಪರಂಪರೆ ಹಸಿ ಮೊಳಕೆಗೆ ಪಥ್ಯದ ಸ್ಥಾನ ಕೊಟ್ಟಿತು, ಧರ್ಮಸ್ಥಳದ ಬಳಿಯ ಶಾಂತಿವನದಂಥ ಚಿಕಿತ್ಸಾಲಯಗಳ ಮೂಲಕ ಆ ವಿಚಾರ ದಕ್ಷಿಣ ಕನ್ನಡದ ಒಳನಾಡಿಗೂ ಹಬ್ಬಿತು. ಅಮೆರಿಕದಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಕ್ಲೈವ್ ಮೆಕ್‌ಕೇ ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೋಯಾ ಮೊಳಕೆಯನ್ನು ಮನೆಮನೆಯಲ್ಲಿ ಬೆಳೆಸಲು ಪ್ರಚಾರ ಮಾಡಿದ್ದರು, ಆಮೇಲೆ ಬಾಸ್ಟನ್ನಿನ ಆನ್ ವಿಗ್ಮೋರ್ ಹಸಿ ಆಹಾರದ ಚಳವಳಿಗೆ ಮೊಳಕೆಯನ್ನೇ ಕೇಂದ್ರವಾಗಿಸಿದರು. ಬಾಯಿಗೆ ಬಟ್ಟೆ ಕಟ್ಟಿ ಓರೆಯಾಗಿಟ್ಟ ಗಾಜಿನ ಭರಣಿ ಈ ಚಳವಳಿಯ ಗುರುತಾಗಿ ಲೋಕವನ್ನು ಸುತ್ತಿತು.

ಭರಣಿ ಎಂಬ ಮಾತು ಕರಾವಳಿಯಲ್ಲಿ ಮೊದಲು ಹೊಂದಿಕೊಂಡದ್ದು ಉಪ್ಪಿನಕಾಯಿ ಹಾಕಿಡುವ ಪಿಂಗಾಣಿ ಪಾತ್ರೆಗೆ. ಬೆಳಕೂ ಗಾಳಿಯೂ ಹೋಗದಿರುವುದೇ ಅದರ ಗುಣವಾದ್ದರಿಂದ ಮೊಳಕೆಗೆ ಅದು ಒದಗುವಂಥದಲ್ಲ. ಮೊಳಕೆಗೆ ಒದಗಿದ್ದು, ಒಳಗಿನ ಪುಡಿ ಮುಗಿದ ಮೇಲೆ ಸಕ್ಕರೆ, ಕಾಫಿಪುಡಿ, ಜೀರಿಗೆ ತುಂಬಲೆಂದು ಮನೆಗಳಲ್ಲಿ ಜೋಪಾನವಾಗಿ ಎತ್ತಿಡುತ್ತಿದ್ದ ಹಾರ್ಲಿಕ್ಸ್ ಬಾಟ್ಲಿಯಂಥ ಗಾಜಿನ ಶೀಶೆಗಳು. ಜೇಮ್ಸ್ ಮತ್ತು ವಿಲಿಯಂ ಹಾರ್ಲಿಕ್ ಸಹೋದರರು ಅಮೆರಿಕದಲ್ಲಿ 1873ರಲ್ಲಿ ಶುರುಮಾಡಿ 1883ರಲ್ಲಿ ಹಕ್ಕುಪತ್ರ ಪಡೆದ ಆ ಪೇಯದ ಮೂಲವಸ್ತು ಮಾಲ್ಟ್, ಎಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ. ಸತ್ತ ಮೊಳಕೆಯ ಪುಡಿಯನ್ನು ಹೊತ್ತು ಬಂದ ಶೀಶೆ ಅದೇ ಮನೆಯಲ್ಲಿ ಜೀವಂತ ಮೊಳಕೆಯ ತೊಟ್ಟಿಲಾದದ್ದು ಈ ಚರಿತ್ರೆಯ ಒಂದು ಸುಂದರ ಕೂಡುದಾರಿ.

ಭರಣಿಯ ಕ್ರಮವನ್ನು ಸಂಕ್ಷೇಪವಾಗಿ ಹೇಳುವುದಾದರೆ, ಒಂದು ಹಿಡಿ ಹೆಸರನ್ನು ತೊಳೆದು ಎಂಟು ಹತ್ತು ಗಂಟೆ ನೆನೆಸಿ, ಬಾಯಿಗೆ ತೆಳುಬಟ್ಟೆ ಕಟ್ಟಿ ರಬ್ಬರ್ ಬ್ಯಾಂಡ್ ಬಿಗಿದು, ನೀರನ್ನು ಪೂರ್ತಿ ಬಸಿದು, ಕಾಳು ಒಂದೇ ಕಡೆ ರಾಶಿಬೀಳದಂತೆ ಭರಣಿಯನ್ನು ಬಾಯಿ ಕೆಳಗಾಗಿ ಓರೆಯಾಗಿಟ್ಟು, ದಿನಕ್ಕೆ ಎರಡು ಮೂರು ಸಲ ಹೊಸ ನೀರಿನಲ್ಲಿ ತೊಳೆದು ಬಸಿಯಬೇಕು. ಕಾಳು ಉಬ್ಬಿ ಮೊಳೆತಾಗ ಹಲವು ಪಟ್ಟು ಜಾಗ ಬೇಡುವುದರಿಂದ ಭರಣಿಯ ಕಾಲುಭಾಗಕ್ಕಿಂತ ಹೆಚ್ಚು ತುಂಬಬಾರದು. ಬಟ್ಟೆಯ ಗಂಟಿಗಿಂತ ಭರಣಿಗಿರುವ ಹೆಚ್ಚುಗಾರಿಕೆ ಎರಡು: ಬಿಚ್ಚದೆಯೇ ಒಳಗೆ ಏನಾಗುತ್ತಿದೆಯೆಂದು ಕಾಣುತ್ತದೆ, ತೊಳೆಯುವುದು ಸುಲಭವಾಗುತ್ತದೆ. ಆದರೆ ಮಳೆಗಾಲದ ಬೆಳ್ಳಾರೆಯಲ್ಲಿ ಗಾಳಿಯೇ ನೀರಿನಂತಿರುವುದರಿಂದ ಗಾಜಿನೊಳಗಿನ ತೇವ ಹೊರಹೋಗದೆ ಕಾಳು ಲೋಳೆಯಾಗುವ ಭಯ ಹೆಚ್ಚು. ಹೆಚ್ಚಿನ ನೀರನ್ನು ತಾನೇ ಹೀರಿ ಬಿಡುವ ಹತ್ತಿಬಟ್ಟೆ ಈ ಹವೆಗೆ ಹೆಚ್ಚು ಒಗ್ಗುತ್ತದೆ ಎಂಬುದನ್ನು ಒಪ್ಪಬೇಕು. ಬೆಚ್ಚಗಿನ ತೇವ ಮೊಳಕೆಗೆ ಹಿತವಾದಷ್ಟೇ ರೋಗಾಣುಗಳಿಗೂ ಹಿತ. ಜರ್ಮನಿಯಲ್ಲಿ 2011ರಲ್ಲಿ ಮೆಂತೆಯ ಮೊಳಕೆಯಿಂದ ಹರಡಿದ ಇ. ಕೋಲಿ ಸೋಂಕಿಗೆ 3800ಕ್ಕೂ ಹೆಚ್ಚು ಜನ ತುತ್ತಾಗಿ 50ಕ್ಕೂ ಹೆಚ್ಚು ಜನ ಸತ್ತರು. ಮುಂಗೆಯನ್ನು ಬೇಯಿಸಿಯೇ ತಿನ್ನುವ ಹಳೆಯ ಪದ್ಧತಿ ಸಿ ಜೀವಸತ್ವದ ಒಂದು ಪಾಲನ್ನು ಕಳೆದರೂ ಜೀವವನ್ನು ಕಾಯುತ್ತಿತ್ತು.

ಭರಣಿ ಅಡುಗೆಮನೆಗೆ ಬಂದ ದಶಕಗಳಲ್ಲೇ ಗದ್ದೆ ಊರನ್ನು ಬಿಟ್ಟಿತು. ವಿಟ್ಲದಲ್ಲಿ 1956ರಲ್ಲಿ ಕೇಂದ್ರೀಯ ಅಡಿಕೆ ಸಂಶೋಧನಾ ಕೇಂದ್ರ ಆರಂಭವಾಯಿತು, 1973ರಲ್ಲಿ ಕ್ಯಾಂಪ್ಕೊ ಸಹಕಾರಿ ಸಂಸ್ಥೆ ಹುಟ್ಟಿ ಅಡಿಕೆಗೆ ನೆಚ್ಚಬಹುದಾದ ಮಾರುಕಟ್ಟೆ ಒದಗಿತು, ಗುಡ್ಡಗಳಲ್ಲಿ ರಬ್ಬರ್ ಬೇರೂರಿತು. ಕೆಲಸದವರ ಕೊರತೆಯೂ ಬತ್ತದ ಆದಾಯದ ಇಳಿತವೂ ಸೇರಿ ಬೈಲು, ಮಜಲುಗಳು ಒಂದೊಂದಾಗಿ ಅಡಿಕೆ ತೋಟಗಳಾದವು. ಬತ್ತದ ಜೊತೆಗೆ ಅದರ ಬೆನ್ನಿಗೆ ಬರುತ್ತಿದ್ದ ಹೆಸರು, ಉದ್ದು, ಹುರುಳಿಗಳೂ ಹೋದವು. ಈಗ ಭರಣಿಗೆ ಬೀಳುವ ಹೆಸರು ಬೇರೆಲ್ಲೋ ಬೆಳೆದು ಪ್ಯಾಕೆಟ್ಟಿನಲ್ಲಿ ಬಂದದ್ದು. ಮನೆಯ ಬಿತ್ತನೆಯ ಕಾಳನ್ನೇ ಒಂದು ಹಿಡಿ ತೆಗೆದು ಮುಂಗೆಗೆ ಹಾಕಬಹುದಾಗಿದ್ದ ಕಾಲ ಮುಗಿದು, ಬಿತ್ತನೆಗೆಂದು ಮಾರುವ ಬೀಜಕ್ಕೆ ಶಿಲೀಂಧ್ರನಾಶಕ ಲೇಪಿಸುವುದರಿಂದ ಅದನ್ನು ತಿನ್ನಬಾರದು ಎಂದು ಎಚ್ಚರಿಸಬೇಕಾದ ಕಾಲ ಬಂದಿದೆ. ಬೀಜವೂ ಆಹಾರವೂ ಒಂದೇ ಆಗಿದ್ದ ವಸ್ತು ಹೀಗೆ ಎರಡಾಗಿ ಸೀಳಿದ್ದು, ಬಟ್ಟೆಯ ಜಾಗಕ್ಕೆ ಗಾಜು ಬಂದುದಕ್ಕಿಂತ ಬಹಳ ದೊಡ್ಡ ಬದಲಾವಣೆ.

ತೋಟದ ಬೆಳೆಗಳೂ ಅವುಗಳದೇ ಮೊಳಕೆಯನ್ನು ಕೊಟ್ಟಿವೆ. ಪೋರ್ಚುಗೀಸರು 16ನೆಯ ಶತಮಾನದಲ್ಲಿ ಪಶ್ಚಿಮ ಕರಾವಳಿಗೆ ತಂದ ಗೇರು ಈ ಗುಡ್ಡಗಳಲ್ಲಿ ನೆಲೆನಿಂತು, ಪುತ್ತೂರಿನಲ್ಲಿ 1986ರಲ್ಲಿ ಅದಕ್ಕೆಂದೇ ರಾಷ್ಟ್ರೀಯ ಸಂಶೋಧನಾ ಕೇಂದ್ರ ಹುಟ್ಟುವಷ್ಟು ಮುಖ್ಯವಾಯಿತು. ಹೆಕ್ಕುವಾಗ ಕಣ್ತಪ್ಪಿ ತರಗೆಲೆಯಡಿ ಉಳಿದ ಬೀಜಗಳು ಮೊದಲ ಮಳೆಗೆ ಬಿರಿದು, ದಪ್ಪನೆಯ ಎರಡು ದಳಗಳು ಹಸಿರಾಗಿ ಮೇಲೇಳುತ್ತವೆ; ಮಕ್ಕಳು ಅವನ್ನು ಕಿತ್ತು ಹಸಿಯಾಗಿ ತಿನ್ನುತ್ತಾರೆ, ಹೆಚ್ಚು ಸಿಕ್ಕಿದರೆ ಪಲ್ಯವಾಗುತ್ತದೆ.

ಬತ್ತದ ಮೊಳಕೆ ಮಾತ್ರ ಪೂರ್ತಿ ಮರೆಯಾಗಿಲ್ಲ. ಗಡಿಯಾಚೆ ಕಾಸರಗೋಡು ಜಿಲ್ಲೆಯ ನೆಟ್ಟಣಿಗೆಯಲ್ಲಿ ಸತ್ಯನಾರಾಯಣ ಬೇಲೇರಿಯವರು 650ಕ್ಕೂ ಹೆಚ್ಚು ಬತ್ತದ ತಳಿಗಳನ್ನು, ಅವುಗಳಲ್ಲಿ ರಾಜಕಯಮೆಯನ್ನೂ, ಕಾಪಾಡಿಕೊಂಡು ಬಂದಿದ್ದು, 2024ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಸಂದಿತು. ಅಷ್ಟು ತಳಿಗಳಿಗೆ ಬೇಕಾಗುವ ಗದ್ದೆಯಿಲ್ಲದೆ ಅವರು ಕಂಡುಕೊಂಡ ದಾರಿ ಸಣ್ಣ ಪಾತ್ರೆಯದು: ಒಂದೊಂದು ತಳಿಯ ಕೆಲವೇ ಬೀಜಗಳನ್ನು ಕಾಗದದ ಲೋಟದಲ್ಲಿ ಮೊಳೆಯಿಸಿ, ಸಸಿಯಾದ ಮೇಲೆ ಮಣ್ಣು ತುಂಬಿದ ಚೀಲಕ್ಕೆ ಸಾಗಿಸಿ, ತೆನೆ ಬಲಿತಾಗ ಕೊಯ್ದು, ಆ ಬೀಜವನ್ನು ಮರುವರ್ಷದ ಬಿತ್ತನೆಗೆ ಎತ್ತಿಡುತ್ತಾರೆ. ಮುಡಿಗಟ್ಟಲೆ ಬತ್ತ ಮೊಳೆಯುತ್ತಿದ್ದ ಸೀಮೆಯಲ್ಲಿ ಈಗ ಬೊಗಸೆಯ ಬತ್ತ ಲೋಟದಲ್ಲಿ, ಹಿಡಿಯ ಹೆಸರು ಭರಣಿಯಲ್ಲಿ ಮೊಳೆಯುತ್ತಿವೆ. ಎರಡನ್ನೂ ರಾತ್ರಿ ನೆನೆಸಿ, ಬೆಳಿಗ್ಗೆ ಬಸಿದು, ತೇವ ಆರದಂತೆ ಇಡಬೇಕು.